ಕಾವಲು ಪೆಟ್ಟಿಗೆಯನ್ನು ಶಾಂತಗೊಳಿಸುವ ಕ್ರಮ

ನಮ್ಮ ಹಿರಿಯರು ದೀಪವನ್ನು 'ಆರಿಸು' ಎಂದು ಹೇಳುತ್ತಿರಲಿಲ್ಲ, 'ಶಾಂತಮಾಡು' ಎನ್ನುತ್ತಿದ್ದರು. ಬಾಯಿಂದ ಊದಿ ನಂದಿಸಹೋದ ಮಕ್ಕಳಿಗೆ ಅಜ್ಜಿಯ ಗದರಿಕೆ ತಪ್ಪುತ್ತಿರಲಿಲ್ಲ. ಬತ್ತಿಯನ್ನು ಮೆಲ್ಲನೆ ಹಿಂದಕ್ಕೆಳೆದು, ಎಣ್ಣೆಯಲ್ಲಿ ತೋಯಿಸಿ, ಜ್ವಾಲೆಯು ಅಡಗುವವರೆಗೆ ನಿಂತು ನೋಡಿ, ಆಮೇಲೆ ಅಲ್ಲಿಂದ ತೆರಳಬೇಕು. ಬಾಲ್ಯದಲ್ಲಿ ನಾವು ಇದನ್ನು ಬರಿಯ ಮಡಿಯ ಮಾತೆಂದು ಎಣಿಸಿದ್ದೆವು. ಊದಿದರೆ ಕಿಡಿ ಹಾರುವುದೆಂತಲೂ, ನಿಂತು ನೋಡದೆ ಹೋದರೆ ಹೊಗೆಯಾಡುವ ಬತ್ತಿಯು ಮತ್ತೆ ಹೊತ್ತಿಕೊಳ್ಳಬಹುದೆಂತಲೂ ಬುದ್ಧಿ ಬಂದಮೇಲೆ ತಿಳಿಯಿತು.

ಈಗಿನ ದೀಪಗಳಿಗೆ ಈ ಉಪಚಾರವೊಂದೂ ಬೇಕಾಗಿಲ್ಲ. ಗುಂಡಿಯನ್ನು ಒತ್ತಿದರೆ ಹೊತ್ತುವುವು, ಮತ್ತೆ ಒತ್ತಿದರೆ ಆರುವುವು. ಈ ಸೌಕರ್ಯಕ್ಕೆ ಒಗ್ಗಿದ ನಮ್ಮ ಕೈಯು, ವಿದ್ಯುತ್ತಿನಿಂದ ನಡೆಯುವ ಸಕಲ ವಸ್ತುಗಳೂ ಇದೇ ಜಾತಿಯವೆಂದು ಭಾವಿಸುತ್ತದೆ. ಆದರೆ ಹಾಗಲ್ಲದ ಒಂದು ವಸ್ತುವು ಇತ್ತೀಚೆಗೆ ಅನೇಕ ಗೃಹಸ್ಥರ ಮನೆಗಳಲ್ಲಿಯೂ ಸಣ್ಣ ಕಚೇರಿಗಳಲ್ಲಿಯೂ ಬಂದು ನೆಲಸಿದೆ. ಅದೇ ಇಂಟರ್‌ನೆಟ್ಟಿನ ಬಾಗಿಲಲ್ಲಿ ಕುಳಿತಿರುವ 'ಫೈರ್‌ವಾಲ್' ಎಂಬ ಕಾವಲು ಪೆಟ್ಟಿಗೆ. ಅದನ್ನು ಆರಿಸಲಾಗದು, ಶಾಂತಗೊಳಿಸಬೇಕು. ಈ ಭೇದವನ್ನು ನಾವು ನಷ್ಟಪಟ್ಟು ಕಲಿತುದರಿಂದ, ವಾಚಕರಾದರೂ ನಷ್ಟಪಡದೆ ಕಲಿಯಲೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ನಮ್ಮ ಮನೆಯಲ್ಲಿ ನಡೆದುದು

ಎರಡು ವರುಷಗಳ ಹಿಂದೆ, ಮೇ ತಿಂಗಳ ೧೮ನೆಯ ತಾರೀಖಿನ ಸಂಜೆ. ಪಶ್ಚಿಮದಲ್ಲಿ ಮೋಡ ಕವಿದು ಗುಡುಗು ಮಿಂಚುಗಳು ಆರಂಭವಾದುವು. ನಮ್ಮೊಡನೆ ವಾಸವಾಗಿರುವ ತಮ್ಮನ ಮಗನು ಮನೆಯಲ್ಲಿಯೇ ಕುಳಿತು ಹತ್ತಾರು ಅಂಗಡಿಗಳ ತೆರಿಗೆಯ ಲೆಕ್ಕಗಳನ್ನು ನೋಡಿಕೊಳ್ಳುವವನು. ಆ ದಿನ ಅವನು ಪರಸ್ಥಳಕ್ಕೆ ಹೋಗಿದ್ದನು. ಅವನ ಕೋಣೆಯ ಕಪಾಟಿನ ಮೇಲೆ ದಪ್ಪ ಪುಸ್ತಕದಷ್ಟು ಗಾತ್ರದ ಕರಿಯ ಪೆಟ್ಟಿಗೆಯೊಂದು ಹಸುರು ದೀಪ ಮಿನುಗಿಸುತ್ತ ಕುಳಿತಿರುವುದನ್ನು ನಾವು ದಿನವೂ ನೋಡಿದ್ದೆವು. ಸಿಡಿಲಿನಿಂದ ಅದಕ್ಕೆ ಕೇಡಾಗದಿರಲೆಂದು, ಒಳ್ಳೆಯ ಬುದ್ಧಿಯಿಂದಲೇ, ಒಳಹೊಕ್ಕು ಗೋಡೆಯಿಂದ ಅದರ ಪ್ಲಗ್ಗನ್ನು ಸೆಳೆದುಬಿಟ್ಟೆವು. ಕರ್ತವ್ಯವನ್ನು ನೆರವೇರಿಸಿದ ತೃಪ್ತಿಯಿಂದ ನಿದ್ದೆಯೂ ಚೆನ್ನಾಗಿ ಬಂದಿತು.

ಮರುದಿನ ಬೆಳಿಗ್ಗೆ ಹುಡುಗನು ಬಂದು ಪ್ಲಗ್ಗನ್ನು ಸೇರಿಸಿದನು. ದೀಪ ಹೊತ್ತಿತು, ಆದರೆ ಪೆಟ್ಟಿಗೆಯು ಏಳಲಿಲ್ಲ. ಪರದೆಯೊಂದನ್ನು ಜೋಡಿಸಿ ನೋಡಲಾಗಿ, ಅದು ತನ್ನ ನಿಯಮಗಳ ಕಡತವನ್ನು ಓದಲಾರದೆ ಅರ್ಧದಾರಿಯಲ್ಲಿ ನಿಂತಿದ್ದಿತು.

"ದೊಡ್ಡಪ್ಪ, ಇದನ್ನು ಹೇಗೆ ಆರಿಸಿದಿರಿ?" ಎಂದು ಕೇಳಿದನು.

"ಹೇಗೆಂದರೇನಪ್ಪ? ಪ್ಲಗ್ಗು ತೆಗೆದೆವು" ಎಂದೆವು.

ಅವನು ಹಿರಿಯರೆದುರು ಮಾತನಾಡುವ ಹುಡುಗನಲ್ಲ, ಸುಮ್ಮನಾದನು. ಆ ಮೌನವು ಬೈಗಳಿಗಿಂತ ಹೆಚ್ಚಾಗಿ ನಮಗೆ ನಾಟಿತು. ಮಾರಾಟಗಾರರು ಪ್ರತಿತಿಂಗಳೂ ಸಲ್ಲಿಸುವ ಜಿ.ಎಸ್.ಟಿ. ಪಟ್ಟಿಗೆ ೨೦ನೆಯ ತಾರೀಖು ಕಡೆಯ ದಿನ. ತಪ್ಪಿದರೆ ದಿನವೊಂದಕ್ಕೆ ಇಷ್ಟೆಂದು ತಡಗಾಣಿಕೆ ಬೆಳೆಯುತ್ತದೆ. ಲೆಕ್ಕಪತ್ರಗಳೆಲ್ಲ ಮನೆಯ ಶೇಖರಣೆಯ ಯಂತ್ರದಲ್ಲಿದ್ದುವು. ಮನೆಯ ಯಂತ್ರಗಳೆಲ್ಲಕ್ಕೂ ವಿಳಾಸವನ್ನು ಹಂಚುತ್ತಿದ್ದುದು ಆ ಪೆಟ್ಟಿಗೆಯೇ ಆದುದರಿಂದ, ಒಂದು ಯಂತ್ರವು ಇನ್ನೊಂದನ್ನು ಗುರುತಿಸದಂತಾಯಿತು. ಕೊನೆಗೆ ಅವನು ಎರಡು ಯಂತ್ರಗಳನ್ನು ಒಂದೇ ತಂತಿಯಿಂದ ನೇರವಾಗಿ ಜೋಡಿಸಿ, ಲೆಕ್ಕಗಳನ್ನು ನಕಲು ಮಾಡಿಕೊಂಡು, ಮೊಬೈಲಿನ ಸಂಪರ್ಕದ ಮೂಲಕ ೨೦ನೆಯ ತಾರೀಖಿನ ರಾತ್ರಿ ಹನ್ನೊಂದರ ಹೊತ್ತಿಗೆ ಕಡೆಯ ಅಂಗಡಿಯ ಪಟ್ಟಿಯನ್ನು ಕಳುಹಿಸಿದನು. ಪೆಟ್ಟಿಗೆಯನ್ನು ಮೊದಲಿನಿಂದ ಸಿದ್ಧಪಡಿಸಲು ಇನ್ನೂ ಮೂರು ದಿನ ಹಿಡಿದುವು. ಅದರ ನಿಯಮಗಳ ನಕಲು ಬೇರೆ ಕಡೆ ಇರಲಿಲ್ಲ. ಅದು ಅವನ ತಪ್ಪು. ಪ್ಲಗ್ಗು ಸೆಳೆದುದು ನಮ್ಮ ತಪ್ಪು. ತಪ್ಪುಗಳೆರಡೂ ಸೇರಿದುದರಿಂದ ಸಂಕಟವು ಪೂರ್ಣವಾಯಿತು.

ಈ ಕಾವಲುಗಾರನು ಯಾರು?

'ಫೈರ್‌ವಾಲ್' ಎಂಬುದು ಮೂಲತಃ ಕಟ್ಟಡ ಕಟ್ಟುವವರ ಮಾತು. ಒಂದು ಮನೆಗೆ ಹತ್ತಿದ ಬೆಂಕಿಯು ಪಕ್ಕದ ಮನೆಗೆ ದಾಟದಂತೆ ನಡುವೆ ಎಬ್ಬಿಸುವ ಗೋಡೆಗೆ ಆ ಹೆಸರು. ೧೯೮೮ನೆಯ ಇಸವಿ ನವೆಂಬರ್ ೨ರಂದು ಅಮೆರಿಕದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಎಂಬಾತನು ಬಿಟ್ಟ ಒಂದು ಕ್ರಮವಿಧಿಯು ಒಂದು ಯಂತ್ರದಿಂದ ಇನ್ನೊಂದಕ್ಕೆ ತಾನೇ ಹರಿದಾಡಿ, ಸಾವಿರಾರು ಗಣಕಯಂತ್ರಗಳನ್ನು ಸ್ತಬ್ಧಗೊಳಿಸಿತು. ಬೆಂಕಿಯ ಹೋಲಿಕೆಯು ಎಷ್ಟು ಉಚಿತವೆಂಬುದು ಆಗ ಎಲ್ಲರಿಗೂ ಮನವರಿಕೆಯಾಯಿತು. ಮುಂದೆ ೧೯೯೪ರಲ್ಲಿ ಬೆಲ್ ಪ್ರಯೋಗಶಾಲೆಯ ಚೆಸ್ವಿಕ್ ಮತ್ತು ಬೆಲೊವಿನ್ ಎಂಬ ವಿದ್ವಾಂಸರು ಈ ಗೋಡೆಗಳನ್ನು ಕಟ್ಟುವ ಶಾಸ್ತ್ರವನ್ನೇ ಗ್ರಂಥರೂಪವಾಗಿ ಪ್ರಕಟಿಸಿದರು.

ಮೊದಮೊದಲು ದೊಡ್ಡ ಸಂಸ್ಥೆಗಳಿಗೆ ಮಾತ್ರ ದೊರಕುತ್ತಿದ್ದ ಈ ಕಾವಲು ಕ್ರಮೇಣ ಮನೆಗಳಿಗೂ ಬಂದಿತು. ಸ್ವಿಟ್ಸರ್ಲೆಂಡಿನ ಮ್ಯಾನುಯೆಲ್ ಕಾಸ್ಪರ್ ಎಂಬಾತನು ೨೦೦೩ರಲ್ಲಿ ಸಣ್ಣ ಪೆಟ್ಟಿಗೆಗಳಲ್ಲಿ ನಡೆಯುವ ಎಂ೦ಎನ್೦ವಾಲ್ ಎಂಬ ಫೈರ್‌ವಾಲನ್ನು ಎಲ್ಲರಿಗೂ ಉಚಿತವಾಗಿ ನೀಡಿದನು. ಅದರಿಂದ ೨೦೦೪ರಲ್ಲಿ ಪಿಎಫ್‌ಸೆನ್ಸ್ ಹುಟ್ಟಿತು. ಪಿಎಫ್‌ಸೆನ್ಸಿನಿಂದ ಕವಲೊಡೆದು ೨೦೧೫ರಲ್ಲಿ ಓಪಿಎನ್‌ಸೆನ್ಸ್ ಹುಟ್ಟಿತು. ಇವಲ್ಲದೆ ಫೋರ್ಟಿಗೇಟ್, ಪಾಲೋ ಆಲ್ಟೊ, ಜುನಿಪರ್, ಸಿಸ್ಕೊ ಮೊದಲಾದ ಹೆಸರಿನ ಪೆಟ್ಟಿಗೆಗಳೂ ಕಚೇರಿಗಳಲ್ಲಿ ಕಾಣಬರುತ್ತವೆ.

ಹೊರಗಿನಿಂದ ಬರುವ ಪ್ರತಿಯೊಂದು ಸಂದೇಶವನ್ನೂ ತಡೆದು, 'ನಿನ್ನನ್ನು ಒಳಗಿನವರು ಯಾರಾದರೂ ಕರೆದಿದ್ದರೇ?' ಎಂದು ವಿಚಾರಿಸಿ, ಕರೆದಿದ್ದರೆ ಬಿಡುವುದು, ಇಲ್ಲದಿದ್ದರೆ ತಳ್ಳುವುದು ಇದರ ಮುಖ್ಯ ಕಾರ್ಯ. ಜೊತೆಗೆ ಒಳಗಿನ ಯಂತ್ರಗಳಿಗೆ ವಿಳಾಸ ಕೊಡುವುದು, ಹೆಸರಿಗೆ ತಕ್ಕ ವಿಳಾಸವನ್ನು ಹುಡುಕಿ ಹೇಳುವುದು, ಬಂದವರ ಹೋದವರ ದಿನಚರಿ ಬರೆಯುವುದು, ಪ್ರವಾಸದಲ್ಲಿರುವ ಮನೆಯವರಿಗೆ ಗುಪ್ತದ್ವಾರವನ್ನು ತೆರೆಯುವುದು, ಇವೆಲ್ಲವನ್ನೂ ಅದೇ ಮಾಡುತ್ತದೆ. ಎಂದಮೇಲೆ ಇದು ಬರಿಯ ಗೋಡೆಯಲ್ಲ. ಸಂಪೂರ್ಣವಾದ ಒಂದು ಗಣಕಯಂತ್ರವು. ಒಳಗೆ ಡಿಸ್ಕಿದೆ, ಸ್ಮೃತಿಯಿದೆ, ನಿರಂತರವಾದ ಬರವಣಿಗೆಯಿದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಇಂಟರ್‌ನೆಟ್ ಕೊಡುವ ಸಂಸ್ಥೆಯವರು ತಂದಿಡುವ ಸಾಮಾನ್ಯ ರೌಟರ್ ಪೆಟ್ಟಿಗೆಗಳು ಸಾಧಾರಣವಾಗಿ ಬರೆಯುವುದು ಕಡಿಮೆ, ಓದುವುದೇ ಹೆಚ್ಚು. ತಮ್ಮ ತಂತ್ರಾಂಶವನ್ನು ಹೊಸದಾಗಿಸಿಕೊಳ್ಳುತ್ತಿರುವ ಕಾಲವೊಂದನ್ನು ಬಿಟ್ಟರೆ, ಅವುಗಳ ಗುಂಡಿಯನ್ನು ಒತ್ತಿ ಆರಿಸುವುದರಿಂದ ಹಾನಿಯು ವಿರಳ. ನಾವು ಹೇಳುತ್ತಿರುವ ಎಚ್ಚರವು ಡಿಸ್ಕುಳ್ಳ ಫೈರ್‌ವಾಲ್ ಪೆಟ್ಟಿಗೆಗೆ ಸಂಬಂಧಪಟ್ಟುದು.

ಹಠಾತ್ತಾಗಿ ಕಡಿದರೆ ಏನಾಗುವುದು?

ಮಂಡಿಯ ಗುಮಾಸ್ತನನ್ನು ನೆನೆಸಿಕೊಳ್ಳಿರಿ. ಗಿರಾಕಿಗಳು ಒಬ್ಬರ ಮೇಲೊಬ್ಬರು ಬರುತ್ತಿರುವಾಗ ಅವನು ಪ್ರತಿಯೊಂದನ್ನೂ ಒಡನೆಯೇ ಖಾತೆಗೆ ಏರಿಸುವುದಿಲ್ಲ. ನಾಲ್ಕೈದು ವ್ಯವಹಾರಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಬಿಡುವಾದಾಗ ಒಟ್ಟಿಗೆ ಬರೆಯುತ್ತಾನೆ. ಬರೆಯುವಾಗಲೂ ಎರಡು ಕಡೆ ಬರೆಯಬೇಕು: ಖಾತೆಯ ಪುಟದಲ್ಲಿ ಒಂದು, ಆ ಪುಟವು ಎಲ್ಲಿದೆಯೆಂದು ತೋರಿಸುವ ಅನುಕ್ರಮಣಿಕೆಯಲ್ಲಿ ಒಂದು. ಪುಟದಲ್ಲಿ ಬರೆದು ಅನುಕ್ರಮಣಿಕೆಗೆ ಕೈಹಾಕಿದ ಕ್ಷಣದಲ್ಲಿಯೇ ಯಾರಾದರೂ ಅವನನ್ನು ಕುರ್ಚಿಯಿಂದ ಎಳೆದೊಯ್ದರೆ, ಮನಸ್ಸಿನಲ್ಲಿದ್ದುದು ಮರೆತುಹೋಗುವುದು. ಪುಸ್ತಕದಲ್ಲಿದ್ದುದೂ ಒಂದಕ್ಕೊಂದು ತಾಳೆಯಾಗದೆ ಉಳಿಯುವುದು.

ಪೆಟ್ಟಿಗೆಯೂ ಹೀಗೆಯೇ. ಬರೆಯಬೇಕಾದುದನ್ನು ಅದು ಮೊದಲು ರ‍್ಯಾಮ್ ಎಂಬ ತಾತ್ಕಾಲಿಕ ಸ್ಮೃತಿಯಲ್ಲಿ ಇಟ್ಟುಕೊಂಡಿರುತ್ತದೆ. ವಿದ್ಯುತ್ತು ಹೋದೊಡನೆ ಆ ಸ್ಮೃತಿಯು ಬರಿದಾಗುವುದು. ಡಿಸ್ಕಿನ ವಿಷಯವೂ ಸರಳವಲ್ಲ. ಈಗಿನ ಫ್ಲ್ಯಾಶ್ ಡಿಸ್ಕುಗಳು ಪುಟಪುಟವಾಗಿ ಬರೆಯುತ್ತವೆ, ಆದರೆ ಅಳಿಸುವಾಗ ಅನೇಕ ಪುಟಗಳ ಒಂದು ಕಟ್ಟನ್ನೇ ಅಳಿಸುತ್ತವೆ. ಆದಕಾರಣ ಹಳೆಯ ಪುಟಗಳನ್ನು ಒಂದು ಕಟ್ಟಿನಿಂದ ಇನ್ನೊಂದಕ್ಕೆ ಸಾಗಿಸುವ ಕೆಲಸವು ಒಳಗೊಳಗೇ ನಡೆಯುತ್ತಿರುತ್ತದೆ. ಆ ಸಾಗಣೆಯ ಮಧ್ಯೆ ವಿದ್ಯುತ್ತು ತಪ್ಪಿದರೆ, ಆಗ ಬರೆಯುತ್ತಿದ್ದುದಷ್ಟೇ ಅಲ್ಲ, ತಿಂಗಳುಗಳ ಹಿಂದೆ ಬರೆದು ನೆಮ್ಮದಿಯಾಗಿದ್ದುದಕ್ಕೂ ಕೇಡು ತಟ್ಟಬಹುದು. ಬೆಲೆಯುಳ್ಳ ಕೆಲವು ಡಿಸ್ಕುಗಳಲ್ಲಿ, ಕೈಯಲ್ಲಿರುವ ಬರಹವನ್ನು ಮುಗಿಸುವಷ್ಟು ವಿದ್ಯುತ್ತನ್ನು ಹಿಡಿದಿಡುವ ಕೆಪಾಸಿಟರುಗಳನ್ನು ಇಟ್ಟಿರುತ್ತಾರೆ; ಅಗ್ಗದವುಗಳಲ್ಲಿ ಅದನ್ನು ನಿರೀಕ್ಷಿಸಲಾಗದು.

ಇದಕ್ಕೆ ಪರಿಹಾರವನ್ನು ಶಾಸ್ತ್ರಜ್ಞರು ಹುಡುಕದೆ ಇಲ್ಲ. ಮಾಡಲಿರುವ ಕೆಲಸವನ್ನು ಮೊದಲು ದಿನಚರಿಯಲ್ಲಿ ಗುರುತುಹಾಕಿ ಆಮೇಲೆ ಮಾಡುವ ಪದ್ಧತಿಯೊಂದುಂಟು. ೨೦೦೫ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯವರು ಹೊರತಂದ ಝಡ್‌ಎಫ್‌ಎಸ್ ಎಂಬ ವ್ಯವಸ್ಥೆಯು, ಹೊಸ ಪುಟವನ್ನು ಪೂರ್ತಿಯಾಗಿ ಬರೆದು ಮುಗಿಸುವವರೆಗೆ ಹಳೆಯದನ್ನು ಬಿಟ್ಟುಕೊಡುವುದೇ ಇಲ್ಲ. ಪಿಎಫ್‌ಸೆನ್ಸಿನವರು ೨೦೨೨ರಿಂದ ಹೊಸ ಸ್ಥಾಪನೆಗಳಿಗೆ ಇದನ್ನೇ ರೂಢಿಯಾಗಿ ಆರಿಸಿಕೊಂಡರು. ಇದರಿಂದ ಅಪಾಯವು ಬಹುಮಟ್ಟಿಗೆ ತಗ್ಗಿದೆ, ಇಲ್ಲವಾಗಿಲ್ಲ. ಪ್ಲಗ್ಗನ್ನು ಸೆಳೆದಾಗ ಎಷ್ಟೋ ಸಲ ಏನೂ ಆಗುವುದಿಲ್ಲವೆಂಬುದೂ ದಿಟವೇ. ಆದರೆ ಮನುಷ್ಯನನ್ನು ಕೆಡಿಸುವುದು ಅದೇ. ಕೇಡಾಗದ ಹತ್ತು ಸಲಗಳು ನಮಗೆ ಧೈರ್ಯವನ್ನು ಕಲಿಸುತ್ತವೆ. ಹನ್ನೊಂದನೆಯ ಸಲ ಅದರ ಬೆಲೆಯನ್ನು ವಸೂಲುಮಾಡುತ್ತದೆ.

ಆರಂಭಕ್ಕೆ ಮುಂಚೆ

ಮನೆ ಬದಲಾಯಿಸುವುದು, ಧೂಳು ತೆಗೆಯುವುದು, ಡಿಸ್ಕನ್ನೋ ಬ್ಯಾಟರಿಯನ್ನೋ ಹೊಸದಾಗಿ ಹಾಕುವುದು, ಬಹುದಿನ ಊರು ಬಿಟ್ಟು ಹೋಗುವುದು, ಸಿಡಿಲಿನ ಕಾಲ, ಹೀಗೆ ಪೆಟ್ಟಿಗೆಯನ್ನು ಶಾಂತಗೊಳಿಸುವ ಸಂದರ್ಭಗಳು ಬರುತ್ತವೆ. ಆಗ ನಾಲ್ಕು ಕೆಲಸಗಳನ್ನು ಮೊದಲು ಮಾಡತಕ್ಕದ್ದು.

ಮೊದಲನೆಯದು, ನಿಯಮಗಳ ನಕಲನ್ನು ತೆಗೆದಿಡುವುದು. ಬಹುತೇಕ ಪೆಟ್ಟಿಗೆಗಳಲ್ಲಿ 'ಬ್ಯಾಕಪ್' ಎಂಬ ಸ್ಥಾನವಿದ್ದು, ಅಲ್ಲಿಂದ ಸಕಲ ನಿಯಮಗಳೂ ಒಂದು ಸಣ್ಣ ಕಡತವಾಗಿ ಕೈಗೆ ಬರುತ್ತವೆ. ಅದರಲ್ಲಿ ಮನೆಯ ಗುಟ್ಟುಗಳೂ ಸಂಕೇತಪದಗಳೂ ಇರುವುದರಿಂದ ಗೂಢಲಿಪಿಯಲ್ಲಿ ಉಳಿಸಿ, ಪೆಟ್ಟಿಗೆಯ ಹೊರಗೆ ಬೇರೊಂದು ಕಡೆ ಭದ್ರವಾಗಿ ಇಡಬೇಕು. ಒಳಗೆ ಸಾಲುಗಟ್ಟಲೆ ನಕಲುಗಳಿದ್ದರೂ ಪೆಟ್ಟಿಗೆಯು ಕೆಟ್ಟಾಗ ಅವು ಒದಗವು.

ಎರಡನೆಯದು, ಬದಲಾವಣೆಗಳನ್ನು ಉಳಿಸಲಾಗಿದೆಯೇ ಎಂದು ನೋಡುವುದು. ಸಿಸ್ಕೊ ಮುಂತಾದ ಕೆಲವು ಜಾತಿಯ ಪೆಟ್ಟಿಗೆಗಳಲ್ಲಿ ಈಗ ನಡೆಯುತ್ತಿರುವ ನಿಯಮಾವಳಿ ಬೇರೆ, ಮುಂದಿನ ಸಲ ಏಳುವಾಗ ಓದತಕ್ಕ ನಿಯಮಾವಳಿ ಬೇರೆ. 'ರೈಟ್ ಮೆಮೊರಿ' ಎಂಬ ಆಜ್ಞೆಯನ್ನು ಕೊಟ್ಟು ಮೊದಲನೆಯದನ್ನು ಎರಡನೆಯದಕ್ಕೆ ಏರಿಸದಿದ್ದರೆ, ಆರು ತಿಂಗಳು ನೆಟ್ಟಗೆ ನಡೆದ ನಿಯಮವೂ ಪೆಟ್ಟಿಗೆಯನ್ನು ಆರಿಸಿದೊಡನೆ ಮಾಯವಾಗುವುದು.

ಮೂರನೆಯದು, ತಂತ್ರಾಂಶದ ನವೀಕರಣವು ನಡೆಯುತ್ತಿಲ್ಲವೆಂದು ದೃಢಪಡಿಸಿಕೊಳ್ಳುವುದು. ನಡೆಯುತ್ತಿದ್ದರೆ ಎಷ್ಟು ಹೊತ್ತಾದರೂ ಕಾಯಬೇಕು. ಆ ಹೊತ್ತಿನಲ್ಲಿ ಕಡಿಯುವುದು ಶಸ್ತ್ರಚಿಕಿತ್ಸೆಯ ನಡುವೆ ರೋಗಿಯನ್ನು ಎಬ್ಬಿಸಿದಂತೆ.

ನಾಲ್ಕನೆಯದು, ಮನೆಯವರಿಗೆ ತಿಳಿಸುವುದು. ಒಳಕೋಣೆಯಲ್ಲಿ ಯಾರೋ ಪರೀಕ್ಷೆ ಬರೆಯುತ್ತಿರಬಹುದು, ಯಾರೋ ದೂರದ ಮಗಳೊಡನೆ ಮಾತನಾಡುತ್ತಿರಬಹುದು.

ಶಾಂತಗೊಳಿಸುವ ವಿಧಾನ

ಯಾವ ಯಂತ್ರದಿಂದ ಆಜ್ಞೆಯನ್ನು ಕೊಡುವೆವೋ ಅದನ್ನು ತಂತಿಯಿಂದಲೇ ಜಾಲಕ್ಕೆ ಸೇರಿಸಿಕೊಳ್ಳುವುದು ಲೇಸು. ನಿಸ್ತಂತುವಿನ ಮೂಲಕ ಬಂದವರು ಮೊದಲೇ ವೈಫೈ ಪೆಟ್ಟಿಗೆಯನ್ನು ಆರಿಸಿ, ಆಮೇಲೆ ಫೈರ್‌ವಾಲನ್ನು ತಲುಪಲಾರದೆ, ಬೇಸರದಿಂದ ಪ್ಲಗ್ಗಿಗೆ ಕೈಹಾಕುವುದುಂಟು. ಕೂತ ಕೊಂಬೆಯನ್ನು ಕಡಿದವನ ಕಥೆ ಇದು.

ಅನಂತರ ಪೆಟ್ಟಿಗೆಯ ಆಡಳಿತದ ಪುಟವನ್ನು ತೆರೆಯಬೇಕು. ಪಿಎಫ್‌ಸೆನ್ಸಿನಲ್ಲಿ 'ಡಯಾಗ್ನೋಸ್ಟಿಕ್ಸ್' ಎಂಬ ಪಟ್ಟಿಯೊಳಗೆ 'ಹಾಲ್ಟ್ ಸಿಸ್ಟಮ್' ಎಂದಿದೆ. ಫೋರ್ಟಿಗೇಟಿನಲ್ಲಿ 'ಎಕ್ಸಿಕ್ಯೂಟ್ ಶಟ್‌ಡೌನ್' ಎಂಬುದು ಆಜ್ಞೆ. ಪಾಲೋ ಆಲ್ಟೊದಲ್ಲಿ 'ರಿಕ್ವೆಸ್ಟ್ ಶಟ್‌ಡೌನ್ ಸಿಸ್ಟಮ್'. ಜುನಿಪರಿನಲ್ಲಿ 'ರಿಕ್ವೆಸ್ಟ್ ಸಿಸ್ಟಮ್ ಪವರ್ ಆಫ್'. ಮಾತುಗಳು ಬೇರೆ, ಅರ್ಥವು ಒಂದೇ: 'ಕೈಯಲ್ಲಿರುವ ಕೆಲಸವನ್ನು ಮುಗಿಸಿ, ಪುಸ್ತಕವನ್ನು ಮುಚ್ಚಿ, ಮಲಗು.'

ಪೆಟ್ಟಿಗೆಗೆ ಪರದೆಯನ್ನೂ ಕೀಲಿಮಣೆಯನ್ನೂ ನೇರವಾಗಿ ಜೋಡಿಸಿದವರಿಗೆ ಅಂಕಿಗಳ ಪಟ್ಟಿಯೊಂದು ಕಾಣುವುದು. ಇಲ್ಲಿ ಎಚ್ಚರ ಬೇಕು. ಪಿಎಫ್‌ಸೆನ್ಸಿನಲ್ಲಿ ೫ ಎಂದರೆ ಮರಳಿ ಎಬ್ಬಿಸುವುದು, ೬ ಎಂದರೆ ನಿಲ್ಲಿಸುವುದು. ಅದರ ತಮ್ಮನಾದ ಓಪಿಎನ್‌ಸೆನ್ಸಿನಲ್ಲಿ ೫ ಎಂದರೆ ಆರಿಸುವುದು, ೬ ಎಂದರೆ ಮರಳಿ ಎಬ್ಬಿಸುವುದು. ಎರಡರಲ್ಲಿಯೂ ೪ ಎಂದರೆ ಸಕಲ ನಿಯಮಗಳನ್ನೂ ಅಳಿಸಿ ಹುಟ್ಟಿದಾಗಿನ ಸ್ಥಿತಿಗೆ ತರುವುದು! 'ಹೌದೇ?' ಎಂದು ಪೆಟ್ಟಿಗೆಯು ಮತ್ತೊಮ್ಮೆ ಕೇಳುವುದೇನೋ ಸರಿ. ಆದರೆ ಪ್ರಶ್ನೆಯನ್ನು ಓದದೆ 'ಹೌದು' ಎನ್ನುವ ಅಭ್ಯಾಸವು ನಮ್ಮೆಲ್ಲರಿಗೂ ಉಂಟಷ್ಟೆ. ಅಂಕಿಯನ್ನಲ್ಲ, ಅದರ ಮುಂದಿನ ಮಾತನ್ನು ಓದಿ ಒತ್ತಬೇಕು.

ಪರದೆಯೂ ಇಲ್ಲ, ಆಡಳಿತದ ಪುಟವೂ ತೆರೆಯದು ಎಂಬ ಸಂದರ್ಭದಲ್ಲಿ, ಪೆಟ್ಟಿಗೆಯ ಮೇಲೆಯೇ ಗುಂಡಿಯಿದ್ದರೆ ಅದನ್ನು ಒಮ್ಮೆ ಮೆಲ್ಲನೆ ಒತ್ತಿ ಬಿಡಬೇಕು. ಗಣಕದ ಜಾತಿಯ ಅನೇಕ ಪೆಟ್ಟಿಗೆಗಳಲ್ಲಿ ಇದು ಕ್ರಮವಾಗಿ ಮುಚ್ಚುವ ಸೂಚನೆಯಾಗುವುದು. ಅದೇ ಗುಂಡಿಯನ್ನು ನಾಲ್ಕು ಸೆಕೆಂಡಿಗಿಂತ ಹೆಚ್ಚು ಹೊತ್ತು ಒತ್ತಿ ಹಿಡಿದರೆ ಪ್ಲಗ್ಗು ಸೆಳೆದ ಫಲವೇ ಬರುವುದು. ತಮ್ಮ ಪೆಟ್ಟಿಗೆಯ ಗುಂಡಿಯ ಸ್ವಭಾವವನ್ನು ಅದರ ಕೈಪಿಡಿಯಿಂದ ಮುಂಚಿತವಾಗಿಯೇ ತಿಳಿದಿರಬೇಕು.

ಕಾಯುವುದೇ ಮುಖ್ಯ

ಆಜ್ಞೆಯನ್ನು ಕೊಟ್ಟಮೇಲೆ ಕಾಯಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಜನರು ಎಡವುವುದು ಇಲ್ಲಿಯೇ. ಆಡಳಿತದ ಪುಟವು ಉತ್ತರ ಕೊಡುವುದನ್ನು ನಿಲ್ಲಿಸಿದೊಡನೆ, ಇಂಟರ್‌ನೆಟ್ ಹೋದೊಡನೆ, 'ಆರಿತು' ಎಂದು ಪ್ಲಗ್ಗು ತೆಗೆಯುತ್ತಾರೆ. ಆದರೆ ಜಾಲವು ನಿಂತ ಮಾತ್ರಕ್ಕೆ ಒಳಗಿನ ಬರವಣಿಗೆ ನಿಂತಿತೆಂದು ಅರ್ಥವಲ್ಲ. ಅಂಗಡಿಯ ಬಾಗಿಲನ್ನು ಹಾಕಿದಮೇಲೆಯೇ ಅಲ್ಲವೇ ಗುಮಾಸ್ತನು ಒಳಗೆ ಕುಳಿತು ದಿನದ ಲೆಕ್ಕವನ್ನು ಮುಗಿಸುವುದು? ಫ್ಯಾನು ನಿಲ್ಲುವುದು, ಡಿಸ್ಕಿನ ದೀಪ ಮಿನುಗುವುದು ನಿಲ್ಲುವುದು, ವಿದ್ಯುತ್ತಿನ ದೀಪ ಆರುವುದು ಅಥವಾ ಬಣ್ಣ ಬದಲಾಯಿಸುವುದು, ಇವು ನಿಜವಾದ ಚಿಹ್ನೆಗಳು. ಕೆಲವು ಪೆಟ್ಟಿಗೆಗಳು ತಮ್ಮ ವಿದ್ಯುತ್ತನ್ನು ತಾವೇ ಕಡಿದುಕೊಳ್ಳಲಾರವು. ಫ್ರೀಬಿಎಸ್‌ಡಿ ಎಂಬ ಮೂಲದ ಮೇಲೆ ಕಟ್ಟಿದವುಗಳಲ್ಲಿ ಆಗ ಪರದೆಯ ಮೇಲೆ, ವ್ಯವಸ್ಥೆಯು ನಿಂತಿದೆ, ಯಾವುದಾದರೊಂದು ಕೀಲಿಯನ್ನು ಒತ್ತಿದರೆ ಮತ್ತೆ ಏಳುವುದು ಎಂಬರ್ಥದ ಸಾಲು ಮೂಡುವುದು. ಆಗ ಕೀಲಿಮಣೆಯನ್ನು ಮುಟ್ಟದೆ ಪ್ಲಗ್ಗನ್ನು ತೆಗೆಯಬಹುದು.

ಅನುಕ್ರಮವೂ ಮುಖ್ಯವೇ. ಮೊದಲು ಮನೆಯ ಗಣಕಗಳು ಮತ್ತು ಶೇಖರಣೆಯ ಯಂತ್ರ, ಆಮೇಲೆ ಫೈರ್‌ವಾಲ್, ಅನಂತರ ತಂತಿಗಳನ್ನು ಕೂಡಿಸುವ ಸ್ವಿಚ್ಚು ಹಾಗೂ ವೈಫೈ ಪೆಟ್ಟಿಗೆ, ಕಡೆಗೆ ಮೋಡೆಮ್. ಆಜ್ಞೆ ಕೊಟ್ಟ ಯಂತ್ರವನ್ನು ಮಾತ್ರ ಫೈರ್‌ವಾಲ್ ಮಲಗುವವರೆಗೆ ಎಚ್ಚರವಾಗಿಟ್ಟಿರಬೇಕು.

ಕಾವಲಿಲ್ಲದ ಹೊತ್ತು

ಕಾವಲುಗಾರನು ಮಲಗಿರುವಾಗ ಒಂದು ಪ್ರಲೋಭನೆಯು ಹುಟ್ಟುತ್ತದೆ. 'ಐದು ನಿಮಿಷ ತಾನೆ, ಮೋಡೆಮಿನ ತಂತಿಯನ್ನು ನೇರವಾಗಿ ಗಣಕಕ್ಕೇ ಸಿಕ್ಕಿಸಿದರೇನು?' ನಾವೂ ಆ ದಿನ ಹಾಗೆಯೇ ಸೂಚಿಸಿದೆವು. ಹುಡುಗನು, "ಬೇಡಿ ದೊಡ್ಡಪ್ಪ, ಹತ್ತು ಅಂಗಡಿಯವರ ಲೆಕ್ಕವಿದೆ" ಎಂದು ಬಿಟ್ಟನು. ತಡವಾದರೂ ಸರಿಯೆಂದು ಮೊಬೈಲಿನ ದಾರಿಯನ್ನೇ ಹಿಡಿದನು.

ಅವನ ಮಾತಿನಲ್ಲಿ ಸತ್ಯವಿತ್ತು. ೨೦೦೩ನೆಯ ಇಸವಿ ಆಗಸ್ಟಿನಲ್ಲಿ ಬ್ಲಾಸ್ಟರ್ ಎಂಬ ಹುಳುವೂ, ೨೦೧೭ನೆಯ ಇಸವಿ ಮೇ ೧೨ರಂದು ವಾನಾಕ್ರೈ ಎಂಬುದೂ ಲೋಕವನ್ನು ಕಂಗೆಡಿಸಿದುವು. ಇವು ಯಂತ್ರದೊಳಕ್ಕೆ ಹೊಗಲು ಯಾರೂ ಯಾವ ಪತ್ರವನ್ನೂ ತೆರೆಯಬೇಕಾಗಿರಲಿಲ್ಲ. ದುರಸ್ತಿಯಾಗದ ಯಂತ್ರವು ಕಾವಲಿಲ್ಲದೆ ಜಾಲದಲ್ಲಿ ಇದ್ದರೆ ಸಾಕಾಗಿತ್ತು. ಜಾಲದಲ್ಲಿ ಬಾಗಿಲು ತಟ್ಟುತ್ತ ಅಲೆಯುವ ಯಂತ್ರಗಳು ಹಗಲಿರುಳೂ ಇರುತ್ತವೆ. ಆದುದರಿಂದ ಫೈರ್‌ವಾಲ್ ಮಲಗಿರುವಷ್ಟು ಹೊತ್ತು ಮೋಡೆಮಿನ ತಂತಿಯನ್ನು ಮನೆಯ ಯಾವ ಯಂತ್ರಕ್ಕೂ ಸೇರಿಸಲಾಗದು.

ಹೇಳದೆ ಹೋಗುವ ವಿದ್ಯುತ್ತು

ನಾವು ಎಷ್ಟು ಕ್ರಮವನ್ನು ಪಾಲಿಸಿದರೂ ವಿದ್ಯುತ್ತು ನಮ್ಮನ್ನು ಕೇಳಿ ಹೋಗುವುದಿಲ್ಲ. ಇದಕ್ಕೆ ಯು.ಪಿ.ಎಸ್. ಎಂಬ ಬ್ಯಾಟರಿಯ ಪೆಟ್ಟಿಗೆ ಬೇಕು. ಮನೆಗಳಲ್ಲಿರುವ ಇನ್ವರ್ಟರುಗಳು ಬ್ಯಾಟರಿಗೆ ಬದಲಾಯಿಸಿಕೊಳ್ಳುವಾಗ ಸ್ವಲ್ಪ ತಡೆಯಾಗುವುದುಂಟು. ದೀಪಕ್ಕೆ ಕಣ್ಣುಮಿಟುಕಿನಂತೆ ಕಾಣುವ ಆ ತಡೆಯು ಗಣಕಕ್ಕೆ ಸಾಕಾಗದೆ ಅದು ಬಿದ್ದೇಳಬಹುದು. ಯು.ಎಸ್.ಬಿ. ತಂತಿಯ ಮೂಲಕ ಫೈರ್‌ವಾಲಿನೊಡನೆ ಮಾತನಾಡಬಲ್ಲ ಯು.ಪಿ.ಎಸ್. ಇದ್ದರೆ ಉತ್ತಮ. ಬ್ಯಾಟರಿಯು ಬರಿದಾಗುತ್ತ ಬಂದಾಗ ಅದು ಸೂಚನೆ ಕೊಡುವುದು. ಫೈರ್‌ವಾಲ್ ತಾನಾಗಿಯೇ ಕ್ರಮವಾಗಿ ಮಲಗುವುದು. ಪಿಎಫ್‌ಸೆನ್ಸ್, ಓಪಿಎನ್‌ಸೆನ್ಸ್ ಎರಡಕ್ಕೂ ಈ ಕಾರ್ಯಕ್ಕಾಗಿ 'ನಟ್' ಎಂಬ ಉಪಕರಣವು ದೊರೆಯುತ್ತದೆ. ಪೇಟೆಯಲ್ಲಿ ಸಿಗುವ ರೌಟರಿನ ಪುಟ್ಟ ಬ್ಯಾಟರಿ ಪೆಟ್ಟಿಗೆಗಳು ವಿದ್ಯುತ್ತನ್ನು ಕೊಡುತ್ತವೆ, ಸೂಚನೆಯನ್ನು ಕೊಡುವುದಿಲ್ಲ.

ಸಿಡಿಲಿನ ವಿಷಯ ಬೇರೆ. ನಮ್ಮ ನಾಡಿನಲ್ಲಿ ಮುಂಗಾರಿಗೆ ಮುಂಚಿನ ಏಪ್ರಿಲ್ ಮೇ ತಿಂಗಳುಗಳು ಗುಡುಗು ಮಿಂಚಿನ ಕಾಲ. ಮೋಡವು ದೂರದಲ್ಲಿರುವಾಗಲೇ ಪೆಟ್ಟಿಗೆಯನ್ನು ಶಾಂತಗೊಳಿಸಿ, ಅದು ಪೂರ್ತಿ ಮಲಗಿದಮೇಲೆ ಪ್ಲಗ್ಗನ್ನೂ ಜಾಲದ ತಾಮ್ರದ ತಂತಿಯನ್ನೂ ಎರಡನ್ನೂ ಬಿಡಿಸಬೇಕು. ಗಾಜಿನೆಳೆಯ ಮೂಲಕ ಬರುವ ಸಂಪರ್ಕದಲ್ಲಿ ಆ ಎಳೆಯು ವಿದ್ಯುತ್ತನ್ನು ಒಯ್ಯದು. ಆದರೆ ಮೋಡೆಮಿನಿಂದ ಫೈರ್‌ವಾಲಿಗೆ ಬರುವ ತಂತಿಯು ತಾಮ್ರದ್ದೇ. ಸಿಡಿಲು ನೆತ್ತಿಯ ಮೇಲೆಯೇ ಬಂದಿದ್ದರೆ ಮಾತ್ರ ತಂತಿಗಳನ್ನು ಮುಟ್ಟದೆ ದೂರವಿರಬೇಕು. ಪೆಟ್ಟಿಗೆಯು ಹೋದರೆ ಇನ್ನೊಂದು ಬರುವುದು, ಜೀವವು ಬಾರದು.

ಮತ್ತೆ ಎಬ್ಬಿಸುವಾಗ

ಎಬ್ಬಿಸುವ ಕ್ರಮವು ಹೆಚ್ಚು ಕಡಿಮೆ ಇದರ ವಿಲೋಮವು. ಮೊದಲು ಮೋಡೆಮ್, ಅದರ ಸಂಪರ್ಕದ ದೀಪವು ಸ್ಥಿರವಾದಮೇಲೆ ಸ್ವಿಚ್ಚು ಮತ್ತು ಫೈರ್‌ವಾಲ್, ಕೆಲವು ನಿಮಿಷಗಳು ಕಳೆದಮೇಲೆ ವೈಫೈ, ಕಡೆಗೆ ಗಣಕಗಳು. ಎದ್ದೊಡನೆ ಪೆಟ್ಟಿಗೆಯ ದಿನಾಂಕವನ್ನೂ ಗಂಟೆಯನ್ನೂ ನೋಡಬೇಕು. ಒಳಗಿನ ಗುಂಡು ಬ್ಯಾಟರಿಯು ಹಳೆಯದಾಗಿದ್ದರೆ ಅದು ಯಾವುದೋ ಹಿಂದಿನ ವರುಷದಲ್ಲಿ ಎಚ್ಚತ್ತಂತೆ ವರ್ತಿಸುವುದು. ಆಗ ಗುಪ್ತದ್ವಾರಗಳೂ ಪ್ರಮಾಣಪತ್ರಗಳೂ ಒಪ್ಪವು. ಬಳಿಕ ನಿಯಮಗಳೆಲ್ಲ ತಮ್ಮ ಸ್ಥಾನದಲ್ಲಿವೆಯೇ ಎಂದು ಒಮ್ಮೆ ಕಣ್ಣಾಡಿಸಬೇಕು. ಇಂಟರ್‌ನೆಟ್ ಬಂದಿತೆಂದರೆ ಕಾವಲೂ ಬಂದಿತೆಂದು ತಿಳಿಯುವುದು ಸಲ್ಲದು.

ಹಠಾತ್ತಾಗಿ ಆರಿದ ಪೆಟ್ಟಿಗೆಯನ್ನು ಎಬ್ಬಿಸಿದಾಗ, ಅದು ತನ್ನ ಡಿಸ್ಕನ್ನು ಪರಿಶೀಲಿಸುತ್ತ ಬಹಳ ಹೊತ್ತು ಮೌನವಾಗಿರಬಹುದು. ಫೋರ್ಟಿಗೇಟಿನಂತಹವು ಪರಿಶೀಲನೆ ಅಗತ್ಯವೆಂದು ತಾವೇ ಸೂಚಿಸುತ್ತವೆ. ಆಗ ತಾಳ್ಮೆಗೆಟ್ಟು ಎರಡನೆಯ ಸಲ ಪ್ಲಗ್ಗನ್ನು ಸೆಳೆಯುವುದು ಮೊದಲಿನದಕ್ಕಿಂತ ದೊಡ್ಡ ತಪ್ಪು.

ಈಗ ನಮ್ಮ ಮನೆಯ ಪೆಟ್ಟಿಗೆಯ ಮೇಲೆ ಒಂದು ಚೀಟಿಯನ್ನು ಅಂಟಿಸಿದೆ. ಹುಡುಗನು ಹೇಳಿದುದನ್ನು ನಾವೇ ದಪ್ಪಕ್ಷರಗಳಲ್ಲಿ ಬರೆದೆವು: 'ಹೇಳಿರಿ, ಕಾಯಿರಿ, ದೀಪವನ್ನು ನೋಡಿರಿ, ಆಮೇಲೆ ತೆಗೆಯಿರಿ.' ನಿಯಮಗಳ ನಕಲು ತಿಂಗಳಿಗೊಮ್ಮೆ ಕಬ್ಬಿಣದ ಬೀರುವಿನೊಳಕ್ಕೆ ಸೇರುತ್ತದೆ. ಕಳೆದ ಮೇ ತಿಂಗಳಲ್ಲಿ ಮತ್ತೆ ಮೋಡ ಕವಿದಿತು. ಆ ದಿನವೂ ಹುಡುಗನು ಊರಿನಲ್ಲಿರಲಿಲ್ಲ. ನಾವು ಕನ್ನಡಕವನ್ನು ಹಾಕಿಕೊಂಡು, ಚೀಟಿಯಂತೆ ಆಜ್ಞೆಯನ್ನು ಕೊಟ್ಟು, ಹಸುರು ದೀಪವು ಆರುವವರೆಗೆ ಎದುರಿಗೆ ಕುಳಿತು, ಅನಂತರ ಪ್ಲಗ್ಗನ್ನು ತೆಗೆದೆವು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನಮ್ಮಾಕೆಯು, "ಅಂತೂ ಅತ್ತೆಯವರು ಕಲಿಸಿದುದು ಈಗ ಬಂದಿತು" ಎಂದು ನಕ್ಕಳು. ಮರುದಿನ ಬೆಳಿಗ್ಗೆ ಪೆಟ್ಟಿಗೆಯು ತಾನು ಬಿಟ್ಟ ಸಾಲಿನಿಂದಲೇ ತನ್ನ ಕೆಲಸವನ್ನು ಮುಂದುವರಿಸಿತು.